ರೈಟ್ ಹೇಳುವವರಿಲ್ಲದ ಬಸ್ಸು

ಸುಳ್ಳು ಹೇಳಿ ಕೆಟ್ಟವರ ಕಥೆಗಳು ಬೇಕಾದಷ್ಟಿವೆ. ನಿಜ ಹೇಳಿ ಕೆಟ್ಟವರ ಕಥೆಯನ್ನು ಯಾರೂ ಬರೆದಿಡುವುದಿಲ್ಲ, ಆದ್ದರಿಂದ ನಾನೇ ಬರೆದುಕೊಳ್ಳಬೇಕಾಗಿದೆ. ತಪ್ಪು ನನ್ನದಲ್ಲ, ಅಭ್ಯಾಸದ್ದು. ಕಲ್ಯಾಣಪುರದ ಇಗರ್ಜಿಯಲ್ಲಿ ಪಾದ್ರಿಗಳ ಕಿವಿಯ ಹತ್ತಿರ ಮೊಣಕಾಲೂರಿ, ಪಕ್ಕದ ಮನೆಯ ಪೇರಳೆ ಕದ್ದದ್ದರಿಂದ ಹಿಡಿದು ಜಪದ ಹೊತ್ತಿಗೆ ತೂಕಡಿಸಿದ್ದರವರೆಗೆ ಎಲ್ಲವನ್ನೂ ಒಪ್ಪಿಸಿ ಹಗುರಾಗಿ ಬೆಳೆದವನು ನಾನು. ಸೌದಿಯ ಜುಬೈಲಿಗೆ ಬಂದು ಏಳು ವರ್ಷವಾಯಿತು. ಇಲ್ಲಿ ಇಗರ್ಜಿಯೂ ಇಲ್ಲ, ಒಪ್ಪಿಸಿಕೊಳ್ಳುವ ಕಿವಿಯೂ ಇಲ್ಲ. ಹೇಳದೆ ಉಳಿದ ಸಣ್ಣಪುಟ್ಟ ಪಾಪಗಳೆಲ್ಲ ಹೊಟ್ಟೆಯಲ್ಲಿ ರಾಶಿ ಬಿದ್ದಿದ್ದವು. ಅಂಥ ಕಾಲದಲ್ಲಿ ಕಂಪನಿಯವರು ನಮ್ಮಂಥ ಬಸ್ ಚಾಲಕರಿಗೆಲ್ಲ ಒಂದು ಫಾರಂ ಹಂಚಿ, ನಿಮ್ಮ ಮನಸ್ಸಿನ ಆರೋಗ್ಯ ಹೇಗಿದೆ, ಗುಟ್ಟಾಗಿ ಇಡುತ್ತೇವೆ, ನಿಜವನ್ನೇ ಬರೆಯಿರಿ ಎಂದರು. ಏಳು ವರ್ಷದ ಮೇಲೆ ಒಬ್ಬರು ಕೇಳಿದ್ದರು. ನಾನು ಕರಗಿಹೋದೆ.

ನನ್ನ ಪಕ್ಕ ಕೂತಿದ್ದ ಪೇಶಾವರದ ಖಾನ್ ಸಾಹೇಬರು ಒಂದು ಪ್ರಶ್ನೆಯನ್ನೂ ಓದದೆ, ‘ಇಲ್ಲ’ ಎಂಬ ಸಾಲಿನ ಮೇಲೆ ಮೇಲಿಂದ ಕೆಳಗೆ ಒಂದೇ ಗೆರೆ ಎಳೆದು ಚಹಾ ಕುಡಿಯಲು ಹೋದರು. ನಾನು ಮಾತ್ರ ಪರೀಕ್ಷೆಗೆ ಕೂತ ಹುಡುಗನ ಹಾಗೆ ಒಂದೊಂದಕ್ಕೂ ಉತ್ತರ ಬರೆದೆ. ಕಾರಣವಿಲ್ಲದೆ ಸಿಟ್ಟು ಬರುತ್ತದೆಯೇ? ಬರುತ್ತದೆ, ಆದರೆ ಹೆಂಡತಿಯ ಮೇಲೆ, ಅದೂ ಫೋನಿನಲ್ಲಿ. ನಿದ್ದೆ ಬರುತ್ತದೆಯೇ? ರಜೆಯ ದಿನ ಬರುವುದಿಲ್ಲ, ಡ್ಯೂಟಿಯ ದಿನ ಬರುತ್ತದೆ. ಹತ್ತಿರ ಯಾರೂ ಇಲ್ಲದಾಗ ದನಿಗಳು ಕೇಳಿಸುತ್ತವೆಯೇ? ಇಲ್ಲಿ ಸ್ವಲ್ಪ ಯೋಚಿಸಿದೆ. ಆಮೇಲೆ, ದೇವರು ನೋಡುತ್ತಾನೆ ಎಂದು, ‘ಹೌದು, ದಿನಾ, ಬಸ್ಸು ಹೊರಡುವಾಗ’ ಎಂದು ಬರೆದು ಕೆಳಗೆ ರುಜು ಹಾಕಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಆ ದನಿಯ ವಿಷಯ ಹೇಳದಿದ್ದರೆ ನೀವೂ ನನ್ನನ್ನು ಅನುಮಾನದಿಂದ ನೋಡುತ್ತೀರಿ. ಊರಿನಲ್ಲಿ ನಾನು ಹನ್ನೆರಡು ವರ್ಷ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು ಓಡಿಸಿದವನು. ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು, ಅಲ್ಲಿ ಬಸ್ಸು ಓಡುವುದು ಡೀಸೆಲ್ಲಿನಿಂದಲ್ಲ, ಕಂಡಕ್ಟರನ ಗಂಟಲಿನಿಂದ. ನನ್ನ ಕಂಡಕ್ಟರ್ ಸದಾನಂದ. ಹಿಂದಿನ ಬಾಗಿಲಲ್ಲಿ ನೇತಾಡುತ್ತ, ಇಳಿಯುವವರಿದ್ದರೆ "ಹೋಲ್ಡಾನ್!" ಎನ್ನುತ್ತಿದ್ದ, ಎಲ್ಲರೂ ಹತ್ತಿದ ಮೇಲೆ "ರೈಟ್ ಪೋಯಿ!" ಎನ್ನುತ್ತಿದ್ದ. ಪೋಯಿ ಎಂದರೆ ತುಳುವಿನಲ್ಲಿ ಹೋಗೋಣ. ಕನ್ನಡಿ ನೋಡುವ ಕೆಲಸವೇ ನನಗಿರಲಿಲ್ಲ. ಹಿಂದಿನಿಂದ ಬರುವ ಲಾರಿ, ಓಡಿ ಬರುವ ಅಜ್ಜಿ, ನಮ್ಮನ್ನು ಹಿಂದೆ ಹಾಕಲು ಹೊಂಚುವ ಇನ್ನೊಂದು ಬಸ್ಸು, ಎಲ್ಲ ಅವನ ಲೆಕ್ಕ. ಸಿಟ್ಟು ಬಂದರೆ ನಾನು ಅವನಿಗೆ ಬೈಯುತ್ತಿದ್ದೆ, ಅವನು ನನಗೆ ಬೈಯುತ್ತಿದ್ದ, ಮುಲ್ಕಿ ಮುಟ್ಟುವಾಗ ಇಬ್ಬರ ಮನಸ್ಸೂ ತೊಳೆದಿಟ್ಟ ತಟ್ಟೆಯಂತಾಗುತ್ತಿತ್ತು.

ಜುಬೈಲಿನಲ್ಲಿ ಕಂಡಕ್ಟರನೇ ಇಲ್ಲ. ಬೆಳಿಗ್ಗೆ ಐದೂವರೆಗೆ ಕ್ಯಾಂಪಿನಿಂದ ಕೆಲಸಗಾರರನ್ನು ಕಾರ್ಖಾನೆಗೆ ಒಯ್ಯಬೇಕು. ಎಲ್ಲರೂ ಹತ್ತುತ್ತಾರೆ, ಕೂರುತ್ತಾರೆ, ಕೂತಲ್ಲೇ ನಿದ್ದೆ ಹೋಗುತ್ತಾರೆ. ಬಾಗಿಲು ಗುಂಡಿ ಒತ್ತಿದರೆ ಮುಚ್ಚುತ್ತದೆ. ಸಂಗಾತಿ ಎಂದು ನನ್ನ ಮುಖದೆದುರು ಒಂದು ಕ್ಯಾಮೆರಾ ಇದೆ. ಆಕಳಿಸಿದರೆ ಅದು ಕೀಂಯ್ ಎನ್ನುತ್ತದೆ. ಹಾಡು ಹೇಳಲು ಬಾಯಿ ತೆರೆದರೂ ಕೀಂಯ್, ಹೆಂಡತಿ ಕಳಿಸಿದ ಚಕ್ಕುಲಿ ಜಗಿದರೂ ಕೀಂಯ್. ಹೀಗೆ ಬಾಯಿ ಮುಚ್ಚಿಕೊಂಡು ಕೂತರೆ ಬಸ್ಸು ಹೊರಡಿಸಲು ನನ್ನ ಕಾಲು ಒಪ್ಪುತ್ತಿರಲಿಲ್ಲ. ಬೆನ್ನ ಹಿಂದಿನಿಂದ "ರೈಟ್ ಪೋಯಿ" ಕೇಳಿಸುವವರೆಗೆ ಕಾಯುತ್ತಿದ್ದೆ. ಕೇಳಿಸುತ್ತಿತ್ತು ಕೂಡ. ಸ್ವಚ್ಛವಾಗಿ, ಸದಾನಂದನ ಎಲೆಯಡಿಕೆ ತುಂಬಿದ ದನಿಯಲ್ಲಿ.

ಫಾರಂ ಕೊಟ್ಟ ಮೂರನೆಯ ದಿನ ಸೂಪರ್‌ವೈಸರ್ ನನ್ನ ಬಸ್ಸಿನ ಕೀಲಿ ಇಸಿದುಕೊಂಡು ಖಾನ್ ಸಾಹೇಬರ ಕೈಗೆ ಕೊಟ್ಟ. ಡಾಕ್ಟರು ನೋಡಿ ಒಪ್ಪುವವರೆಗೆ ಸ್ಟೇರಿಂಗ್ ಮುಟ್ಟುವಂತಿಲ್ಲವಂತೆ. ಗುಟ್ಟು ಎಷ್ಟು ಗುಟ್ಟಾಗಿತ್ತೆಂದರೆ, ಮಧ್ಯಾಹ್ನದೊಳಗೆ ಮೆಸ್ಸಿನ ಅಡುಗೆಯವನೂ ನನಗೆ ಅನ್ನ ಬಡಿಸುವಾಗ ಒಂದು ಹೆಜ್ಜೆ ಹಿಂದೆ ನಿಂತ. ಡಿಪೋದ ಬೆಂಚಿನ ಮೇಲೆ ಕೂತು ನನ್ನದೇ ಬಸ್ಸು ಗೇಟು ದಾಟುವುದನ್ನು ನೋಡಿದೆ. ತಲೆ ಸರಿಯಿಲ್ಲ ಎಂದು ಬರೆದು ಊರಿಗೆ ಕಳಿಸಿದರೆ, ಅಲ್ಲಿಯಾದರೂ ನನಗೆ ಬಸ್ಸು ಕೊಡುವವರು ಯಾರು? ನನಗೆ ಬೇರೆ ವಿದ್ಯೆಯೂ ಬರುವುದಿಲ್ಲ.

ಪುಣ್ಯಕ್ಕೆ ಡಾಕ್ಟರು ಭಟ್ಕಳದವರು. ಫಾರಂ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ದನಿ ಎಂತ ಹೇಳ್ತದೆ? ಯಾರನ್ನಾದ್ರೂ ಹೊಡಿ, ಬಡಿ ಅಂತ?"

"ಛೆ ಛೆ, ಇಲ್ಲ ಡಾಕ್ಟ್ರೇ. ರೈಟ್ ಅಂತ ಹೇಳ್ತದೆ. ಇಳಿಯುವವರಿದ್ರೆ ಹೋಲ್ಡಾನ್ ಹೇಳ್ತದೆ."

"ಇಳಿಯುವವರು ಇಲ್ಲದಿದ್ರೆ?"

"ಇಲ್ಲದಿದ್ರೆ ಯಾಕೆ ಹೇಳ್ಬೇಕು? ಅವನಿಗೆ ಎಂತ ಹುಚ್ಚಾ?"

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಸದಾನಂದನ ಕಥೆಯನ್ನೆಲ್ಲ ನನ್ನಿಂದ ಹೇಳಿಸಿಕೊಂಡರು. ಮಂಗಳೂರಿನಲ್ಲಿ ಓದುವಾಗ ಅವರೂ ಅಂಥದೇ ಬಸ್ಸುಗಳಲ್ಲಿ ಜೋತುಬಿದ್ದು ಹೋದವರಂತೆ. ಆಮೇಲೆ ಮೆತ್ತಗೆ, "ದಿನಕ್ಕೆ ಯಾರ ಹತ್ರ ಮಾತಾಡ್ತೀರಿ ಮಾರಾಯ್ರೇ?" ಎಂದರು. ನೆನಪು ಮಾಡಿ ಹೇಳಿದೆ: ಗೇಟಿನವನಿಗೆ ಒಂದು ಸಲಾಂ, ಖಾನ್ ಸಾಹೇಬರ ಹತ್ತಿರ ಚಹಾದ ವಿಷಯ, ಹೆಂಡತಿಯ ಹತ್ತಿರ ಹತ್ತು ನಿಮಿಷ ಜಗಳ. ಪಟ್ಟಿ ಅಷ್ಟಕ್ಕೇ ಮುಗಿಯಿತು.

"ಇದು ಹುಚ್ಚಲ್ಲ. ಬೆನ್ನ ಹಿಂದೆ ಹನ್ನೆರಡು ವರ್ಷ ಒಬ್ಬ ಇದ್ದ, ಈಗ ಇಲ್ಲ, ಅಷ್ಟೆ. ಆ ಸದಾನಂದನಿಗೆ ಫೋನ್ ಮಾಡ್ತೀರಾ?"

ಆಗ ನನ್ನ ನಿಜವಾದ ಪಾಪ ಹೊರಗೆ ಬಿತ್ತು. ವೀಸಾ ಬಂದ ದಿನ ಸದಾನಂದನ ಮುಖ ನೋಡಿ ಹೇಳುವ ಧೈರ್ಯವಾಗದೆ, ‘ನಾಲ್ಕು ದಿನ ರಜೆ ಹಾಕ್ತೇನೆ’ ಎಂದು ಬಸ್ಸಿನಿಂದ ಇಳಿದು ಬಂದವನು ನಾನು. ನಾಚಿಕೆಯಿಂದ ಆಮೇಲೆ ಒಂದು ಫೋನೂ ಮಾಡಿರಲಿಲ್ಲ. ಡಾಕ್ಟರು ಪಾದ್ರಿಗಳಿಗಿಂತ ಕಟ್ಟುನಿಟ್ಟು. "ಈಗಲೇ ಮಾಡಿ, ನನ್ನ ಎದುರೇ" ಎಂದರು.

ಫೋನಿನ ಆ ಕಡೆ ಹಾರ್ನಿನ ಗದ್ದಲ. ನನ್ನ ದನಿ ಗುರುತು ಹಿಡಿದ ಸದಾನಂದ ತುಳುವಿನಲ್ಲಿ ಕೇಳಿದ, "ರಜೆ ಮುಗೀತಾ ಲ್ಯಾನ್ಸಿಯಣ್ಣ?" ಅದರ ಬೆನ್ನಿಗೆ ಬಂದ ಬೈಗುಳವನ್ನು ಕನ್ನಡಕ್ಕೆ ತರುವುದು ಬೇಡ, ಖಾರ ಹೋಗುತ್ತದೆ. ಬೈದು ಸುಸ್ತಾದ ಮೇಲೆ ತನ್ನ ಗೋಳು ಶುರು ಮಾಡಿದ. "ಈಗಿನ ಡ್ರೈವರ್ ರೈಟ್ ಹೇಳುವ ಮೊದಲೇ ಹೊರಡ್ತಾನೆ. ಮೊನ್ನೆ ನನ್ನನ್ನೇ ಪಡುಬಿದ್ರಿಯಲ್ಲಿ ಬಿಟ್ಟು ಹೋದ! ಹಿಂದಿನ ಬಸ್ಸಿಗೆ ಟಿಕೆಟ್ ಮಾಡಿಸಿ ಬಂದೆ!" ನಾನು ನನ್ನ ಕಾಯಿಲೆ ಹೇಳಿದೆ. "ಓ, ಅಷ್ಟೆಯಾ?" ಎಂದವನೇ ಫೋನಿನಲ್ಲೇ ಕೂಗಿದ, "ರೈಟ್ ಪೋಯಿ!"

ನನ್ನ ಬಲಗಾಲು ಮೇಜಿನ ಕೆಳಗೆ ತಾನಾಗಿ ಒತ್ತಿತು. ಒತ್ತಿದ್ದು ಡಾಕ್ಟರ ಪಾದವನ್ನು. ಅವರು ನೋವಿನಲ್ಲೇ ನನ್ನ ಕಾಗದಕ್ಕೆ ಸಹಿ ಹಾಕಿದರು: ಬಸ್ಸು ಓಡಿಸಬಹುದು, ದಿನಾ ಡ್ಯೂಟಿಗೆ ಮೊದಲು ಸದಾನಂದನ ಹತ್ತಿರ ಐದು ನಿಮಿಷ ಮಾತಾಡತಕ್ಕದ್ದು. ಇಲ್ಲಿ ಐದು ಗಂಟೆಯಾದಾಗ ಅಲ್ಲಿ ಏಳೂವರೆ. ಅವನು ಸ್ಟ್ಯಾಂಡಿನಲ್ಲಿ ಚಹಾ ಹೀರುತ್ತ ನನಗೆ ಬೈಯುತ್ತಾನೆ, ನಾನು ಬೈಸಿಕೊಂಡು ಸಂತೋಷವಾಗಿ ಬಸ್ಸು ಹತ್ತುತ್ತೇನೆ. ಹೆಂಡತಿ, "ಎಂತ, ಈಗ ಜಗಳವೇ ಆಡುವುದಿಲ್ಲ, ಅಲ್ಲಿ ಬೇರೆ ಯಾರಾದರೂ ಸಿಕ್ಕಿದ್ದಾರಾ?" ಎಂದು ಕೇಳಿದಳು. ಸಿಕ್ಕಿದ್ದಾನೆ ಎಂದೆ.

ಮೊನ್ನೆ ಮತ್ತೆ ಫಾರಂ ಬಂತು. ಯಾರೋ ಸದಾ ನಿಮ್ಮನ್ನೇ ನೋಡುತ್ತಿದ್ದಾರೆ ಎಂದು ಅನಿಸುತ್ತದೆಯೇ ಎಂಬ ಪ್ರಶ್ನೆ ಇತ್ತು. ಇದ್ದದ್ದು ಇದ್ದ ಹಾಗೆ, ಮುಖದೆದುರಿನ ಕ್ಯಾಮೆರಾವನ್ನು ನೆನೆದು, ‘ಹೌದು’ ಎಂಬಲ್ಲಿ ಪೆನ್ನು ಊರಿದೆ. ಆಗ ಬೆನ್ನ ಹಿಂದಿನಿಂದ, ಎಲೆಯಡಿಕೆ ತುಂಬಿದ ದನಿಯಲ್ಲಿ, "ಹೋಲ್ಡಾನ್!" ಕೇಳಿಸಿತು. ತಿರುಗಿ ನೋಡಿದರೆ ಗೋಡೆ. ನಾನು ಪೆನ್ನೆತ್ತಿ, ಖಾನ್ ಸಾಹೇಬರ ಹಾಗೆ ‘ಇಲ್ಲ’ಗಳ ಮೇಲೆ ಮೇಲಿಂದ ಕೆಳಗೆ ಒಂದೇ ಗೆರೆ ಎಳೆದೆ. ದನಿಗಳು ಕೇಳಿಸುತ್ತವೆಯೇ ಎಂಬ ಪ್ರಶ್ನೆಯೂ ಆ ಗೆರೆಯಲ್ಲೇ ಹೋಯಿತು. ಸುಳ್ಳು ಬರೆದ ಪಾಪವನ್ನು ಮುಂದಿನ ರಜೆಯಲ್ಲಿ ಕಲ್ಯಾಣಪುರದ ಪಾದ್ರಿಗಳಿಗೆ ಒಪ್ಪಿಸಬೇಕು, ಅದರಲ್ಲಿ ಅರ್ಧ ಸದಾನಂದನದು ಎಂದು ಯೋಚಿಸುತ್ತಿರುವಾಗ ಅವನೇ ಹೇಳಿದ, "ರೈಟ್ ಪೋಯಿ." ಫಾರಂ ಕೊಟ್ಟು ಚಹಾಕ್ಕೆ ಹೋದೆ.