ಮಾರ್ಚ್‌ಗೆ ಮುನ್ನವೇ ಬಂದ ಕರಿದುಂಬಿಗಳು ಮತ್ತು ಅವುಗಳ ಬದಲಿ ಸಿಬ್ಬಂದಿ

ಉಪ ಕಚೇರಿ, ಚೇಕಾಡಿ
ಸಂಖ್ಯೆ: ಉಕ/ದುಂಬಿ/ತೊಲೆ/07

ವಿಷಯ: ಕಚೇರಿಯ ತೊಲೆಯಲ್ಲಿದ್ದ ಕರಿದುಂಬಿಗಳ ಕೆಲಸವನ್ನು ಸಿಬ್ಬಂದಿಗೆ ವಹಿಸುವ ಕುರಿತು.

ಉಲ್ಲೇಖ: 1) ದುಂಬಿಗಳು ಮಾರ್ಚ್ ತಿಂಗಳಲ್ಲೇ ಬರತಕ್ಕದ್ದು ಎಂಬ ಹಳೆಯ ಸುತ್ತೋಲೆ.
2) ಶ್ರೀಮತಿ ಅಮ್ಮಾಳು ಅವರು ಜಗುಲಿಯಲ್ಲಿ ನಿಂತು ಆಡಿದ ಮಾತು.

ತೊಲೆಯ ತೂತುಗಳನ್ನು ಮುಚ್ಚಲು ಪುಟ್ಟಿ ಒಂದು ಡಬ್ಬಿ, ಏಣಿಗೆ ಒಂದು ದಿನದ ಬಾಡಿಗೆ, ಏಣಿಯಿಂದ ಇಳಿಯುವಾಗ ಒಡೆದ ಹೆಡ್ ಕ್ಲರ್ಕ್ ಸುಧೀಷ್ ಅವರ ಕನ್ನಡಕ: ಈವರೆಗಿನ ಖರ್ಚು ಇಷ್ಟು.

ಉಲ್ಲೇಖ (1)ರ ಪ್ರಕಾರ ಜನವರಿಯಲ್ಲಿ ತೊಲೆ ಖಾಲಿ ಇರುತ್ತದೆಂದು ನಂಬಿ ತೂತುಗಳನ್ನು ಮುಚ್ಚಲಾಯಿತು. ಆದರೆ ಈ ವರ್ಷ ಚಳಿ ಕ್ರಿಸ್‌ಮಸ್‌ಗೇ ಮುಗಿದಿದ್ದರಿಂದ ದುಂಬಿಗಳು ಅಷ್ಟರಲ್ಲಾಗಲೇ ಬಂದು ಒಳಗೆ ಸಂಸಾರ ಹೂಡಿದ್ದವು. ತೊಲೆಯೊಳಗಿನ ಗುಂಯ್ ಸದ್ದನ್ನು ಸುಧೀಷ್ ಅವರು ಟ್ಯೂಬ್‌ಲೈಟಿನ ದೋಷವೆಂದು ದಾಖಲಿಸಿ ವಿದ್ಯುತ್ ವಿಭಾಗಕ್ಕೆ ಪತ್ರ ಬರೆದರು. ಉತ್ತರ ಬರುವ ಮೊದಲೇ ದುಂಬಿಗಳು ತೊಲೆಯ ಇನ್ನೊಂದು ಬದಿ ಕೊರೆದು, ಕಚೇರಿ ಮುಖ್ಯಸ್ಥರ ಕೋಣೆಯ ಮೂಲಕ ಕಿಟಕಿ ದಾಟಿ ಹೋದವು. ಮತ್ತೆ ಬರಲಿಲ್ಲ.

ಕಚೇರಿ ಗೇಟಿನ ಬಳಿ ಜ್ಯೂಸ್ ಅಂಗಡಿ ನಡೆಸುವ ಅಮ್ಮಾಳು ಅವರ ಪ್ಯಾಷನ್ ಫ್ರೂಟ್ ಹಂದರವು ಅಂಗಡಿಯ ಹಿತ್ತಿಲಲ್ಲಿದ್ದು, ಹೂವು ಬಿಟ್ಟಿತು, ಪರಾಗ ಮುಟ್ಟಿಸುವ ದುಂಬಿಯಿಲ್ಲದೆ ಕಾಯಿ ಕಟ್ಟಲಿಲ್ಲ. ಆಗ ಅವರು ಆಡಿದ ಮಾತು ಹೀಗಿದೆ: "ಎಂತ ಸಾರೇ, ದುಂಬಿನ ಒಳಗೆ ಹಾಕಿ ಬಾಗಿಲು ಮುಚ್ಚಿದ್ರೆ ಹೂವಿಗೆ ಯಾರು ಬರ್ತಾರೆ? ನೀವೇ ಬನ್ನಿ!"

ಸದರಿ ಮಾತನ್ನು ಅರ್ಜಿಯೆಂದು ಪರಿಗಣಿಸಿ ಮಂಜೂರು ಮಾಡಿದ್ದು, ಎಲ್ಲರ ಪಾಲನೆಗಾಗಿ ಕೆಳಗಿನ ಆದೇಶ ಹೊರಡಿಸಲಾಗಿದೆ.

1. ಮಾರ್ಚ್‌ಗೆ ಮುನ್ನ ಬಂದ ದುಂಬಿಗಳನ್ನು ಅನುಮತಿಯಿಲ್ಲದೆ ಕೆಲಸಕ್ಕೆ ಹಾಜರಾದವರೆಂದು ಭಾವಿಸತಕ್ಕದ್ದು. ಅವುಗಳಿಗೆ ಸೇವಾ ಹಿರಿತನ ಇರುವುದಿಲ್ಲ.

2. ಕಡತದಲ್ಲಿ ಚಳಿಗಾಲ ಇನ್ನೂ ಮುಗಿಯದಿರುವುದರಿಂದ ಫ್ಯಾನ್ ಹಾಕುವಂತಿಲ್ಲ. ಬೆವರುವವರು ಸ್ವೆಟರ್ ಧರಿಸಿಯೇ ಬೆವರತಕ್ಕದ್ದು.

3. ಹೂವು ಮಧ್ಯಾಹ್ನ ಅರಳುವುದರಿಂದ ಊಟದ ವಿರಾಮವನ್ನು ರದ್ದುಪಡಿಸಲಾಗಿದೆ. ಸಿಬ್ಬಂದಿಯು ಸರದಿಯಂತೆ ಹಂದರದಡಿ ನಿಂತು, ಒಂದು ಹೂವಿನ ಪರಾಗವನ್ನು ಹೆಬ್ಬೆರಳಿನಿಂದ ಇನ್ನೊಂದಕ್ಕೆ ಮುಟ್ಟಿಸತಕ್ಕದ್ದು.

4. ಪರಾಗ ಮೆತ್ತಿದ ಹೆಬ್ಬೆರಳನ್ನು ಹಾಜರಿಯ ಪಂಚಿಂಗ್ ಯಂತ್ರ ಒಪ್ಪುತ್ತಿಲ್ಲ. ಆದ್ದರಿಂದ ಹೂವಿಗೆ ಹಾಜರಾದವರೆಲ್ಲ ಕಚೇರಿಗೆ ಗೈರುಹಾಜರಿ.

5. ಕರ್ತವ್ಯದ ವೇಳೆ ಝೇಂಕರಿಸುವುದು ಐಚ್ಛಿಕ. ಸಿನಿಮಾ ಹಾಡಿನ ರಾಗ ಸಲ್ಲದು.

6. ಮೊದಲ ದಿನ ಸುಧೀಷ್ ಅವರು ಹೂವುಗಳನ್ನು ಎಣಿಸಿ, ಉಳಿದದ್ದು ನಾಳೆಗೆ ಎಂದು ಒಳಗೆ ಹೋದದ್ದು ಗಮನಕ್ಕೆ ಬಂದಿದೆ. "ಸುಧೀಷ್ ಸಾರೇ, ನಮ್ಮನ್ನ ನಾಳೆ ಬಾ, ನಾಳೆ ಬಾ ಅಂತೀರಲ್ಲ, ಈ ಹೂವು ಹಾಗೆ ಬರೋದಿಲ್ಲ. ಸಂಜೆಗೆ ಮುಚ್ಚಿದ್ರೆ ತೀರ್ತು" ಎಂದು ಅಮ್ಮಾಳು ಅವರು ಹೇಳಿದ ಮೇಲೆ ಸುಧೀಷ್ ಅವರು ಹಿಂತಿರುಗಿದರು. ಕತ್ತಲಾಗುವವರೆಗೆ ಹಂದರದಡಿ ಇದ್ದರು. ಮರುದಿನವೂ ಬಂದರು. ಇದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.

7. ಇದಲ್ಲದೆ, ದುಂಬಿ ಕಂಡರೆ ಕುರ್ಚಿ ಬಿಟ್ಟು ಓಡುವ ಇದೇ ಸುಧೀಷ್ ಅವರು ದುಂಬಿ ಗೂಡು ಮಾಡುವಂಥ ಒಣ ಬಿದಿರಿನ ತುಂಡುಗಳನ್ನು ಸ್ವಂತ ಹಣದಿಂದ ತಂದು, ಮೇಲಧಿಕಾರಿಯ ಒಪ್ಪಿಗೆ ಇಲ್ಲದೆ ಹಂದರಕ್ಕೆ ಕಟ್ಟಿರುತ್ತಾರೆ. ಕಾರಣ ಕೇಳಿದ್ದಕ್ಕೆ "ತೂತು ಮುಚ್ಚಿದ್ದು ನಾನು" ಎಂದಷ್ಟೇ ಬರೆದುಕೊಟ್ಟಿದ್ದಾರೆ. ವಿವರಣೆ ಅಪೂರ್ಣವಾಗಿದ್ದರೂ ಸ್ವೀಕರಿಸಲಾಗಿದೆ.

8. ಉಲ್ಲೇಖ (1)ರ ಸುತ್ತೋಲೆ ಜಾರಿಯಲ್ಲೇ ಇರುತ್ತದೆ. ಅದನ್ನು ಯಾರೂ ಪಾಲಿಸಬಾರದು.

(ಸಹಿ)
ಕಚೇರಿ ಮುಖ್ಯಸ್ಥರು
(ಸ್ವೆಟರ್ ಸಹಿತ)

ಪ್ರತಿಗಳು:
1. ವಿದ್ಯುತ್ ವಿಭಾಗ: ಟ್ಯೂಬ್‌ಲೈಟ್ ಸರಿಯಾಗಿದೆ. ಬರುವುದು ಬೇಡ.
2. ಉಗ್ರಾಣ: ಉಳಿದ ಪುಟ್ಟಿಯನ್ನು ಬೀಗ ಹಾಕಿ ಇಡಲು.
3. ಬಿದಿರಿನೊಳಗೆ ಬಂದು ಸೇರಿದ ಕರಿದುಂಬಿ: ಹತ್ತಿರ ನಿಂತು ಓದಿ ಹೇಳಲು ಸುಧೀಷ್ ಅವರಿಗೆ ಸೂಚಿಸಲಾಗಿದೆ.
4. ಶ್ರೀಮತಿ ಅಮ್ಮಾಳು: ಕಳೆದದ್ದು ಮೊದಲ ಹೂವಿನ ನಿಮ್ಮ ಒಂದು ಬೆಳೆ. ಬಂದದ್ದು ಒಂದು ದುಂಬಿ.