ಕೋಟೆಯ ಕಲ್ಲು ಎಲ್ಲಿ ಹೋಯಿತು?

ಎಮ್ಲಿನ್ ಆ ಚೀಟಿಯನ್ನು ಮಾಂಸದಂಗಡಿಯ ಗಾಜಿಗೆ ಅಂಟಿಸದೇ ಇದ್ದಿದ್ದರೆ ಊರು ತಣ್ಣಗಿರುತ್ತಿತ್ತು. ‘ಇಂದು ಸಂಜೆ ಚಾಪೆಲ್ಲಿನಲ್ಲಿ ಉಪನ್ಯಾಸ: ನಮ್ಮ ಕೋಟೆಯ ಕಲ್ಲು ಎಲ್ಲಿ ಹೋಯಿತು?’ ಮಾತು ಚೆನ್ನಾಗಿ ನಡೆದರೆ ಊರಿನ ಇತಿಹಾಸ ಸಂಘಕ್ಕೆ ಅವನೇ ಅಧ್ಯಕ್ಷ. ಅಂಚೆ ಹಂಚಿ ನಿವೃತ್ತನಾದವನಿಗೆ ಉಳಿದಿದ್ದು ಅದೊಂದೇ ಆಸೆ.

ಕೋಟೆಯನ್ನು ಇಂಗ್ಲಿಷರು ಕೆಡವಿದರೆಂದು ಊರು ತಲೆತಲಾಂತರದಿಂದ ಹೇಳಿಕೊಂಡು ಬಂದಿತ್ತು. ಅವರು ಕೆಡವಿದ್ದು ಒಂದು ಬುರುಜು. ಮಿಕ್ಕಿದ್ದೆಲ್ಲ ಊರವರದೇ ಕೈಗಾಡಿ ಹತ್ತಿ ಗುಡ್ಡ ಇಳಿದು ಅವರವರ ಗೋಡೆ ಸೇರಿತ್ತು.

ಬೆಳಗಿನ ಚಹಾಕ್ಕೇ ಪಕ್ಕದ ಮನೆಯ ಟೆಗ್ವೆನ್ ಒಣದ್ರಾಕ್ಷಿ ಹಾಕಿದ ಬಾರಾ ಬ್ರಿತ್ ಬ್ರೆಡ್ಡು ಹಿಡಿದು ಬಂದಳು.

“ನಮ್ ಹಂದಿಗೂಡಿನ ಸುದ್ದಿ ಎತ್ತಬೇಡಪ್ಪ. ಬೇಕಾದ್ರೆ ಹೈವೆಲ್ ಮನೆ ಒಲೆ ಕತೆ ಹೇಳು. ರಾಣಿ ಇಣುಕ್ತಿದ್ದ ಕಿಟಕಿಯ ಕಮಾನು ಅದು.”

ಅವಳು ಹೋದಳು, ಮಾಂಸದಂಗಡಿಯ ಹೈವೆಲ್ ಕುರಿಯ ತೊಡೆಯೊಂದಿಗೆ ಬಂದ. ಅವನ ಒಲೆ ಬಿಡಬೇಕಂತೆ, ಟೆಗ್ವೆನ್‌ಳ ಹಂದಿಗಳು ದರ್ಬಾರಿನ ಕಲ್ಲಿನ ನಡುವೆ ಮಲಗುವುದನ್ನು ಮಾತ್ರ ಬಿಡಬಾರದಂತೆ. ಮಧ್ಯಾಹ್ನ ಪಾದ್ರಿಯೇ ಬಂದು, ಚಾಪೆಲ್ಲಿನ ಮೆಟ್ಟಿಲು ಈಗ ದೇವರ ಸ್ವತ್ತು ಎಂದು ನೆನಪಿಸಿದರು. ಸಂಜೆಯ ಹೊತ್ತಿಗೆ ಎಮ್ಲಿನ್‌ನ ಮೇಜು ಮದುವೆಮನೆಯಾಗಿತ್ತು. ಉಪನ್ಯಾಸ ಪುಕ್ಕ ಕಿತ್ತ ಕೋಳಿಯಾಗಿತ್ತು.

“ಕೋಟೆ ಇತ್ತು,” ಎಂದ ಎಮ್ಲಿನ್ ತುಂಬಿದ ಸಭೆಗೆ. “ಈಗ ಇಲ್ಲ. ನಮ್ಮಲ್ಲಿ ಮಳೆ ಜಾಸ್ತಿ.” ಕೂತುಬಿಟ್ಟ. ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷಗಿರಿ ಹೆಗಲ ಮೇಲೆ ಬಂದು ಕೂತಂತೆಯೇ ಅವನಿಗೆ ಅನಿಸಿತು.

ಆಗ ಹಿಂದಿನ ಬೆಂಚಿನಿಂದ ಅಪರಿಚಿತ ಹೆಂಗಸೊಬ್ಬಳು ಎದ್ದಳು. ಸ್ಮಾರಕ ಇಲಾಖೆಯವಳಂತೆ. ಕೋಟೆಯ ಕಲ್ಲನ್ನು ಕಾಪಾಡಿದ ಮನೆಗಳಿಗೆಲ್ಲ ಮನೆತನದ ಹೆಸರಿನ ಹಿತ್ತಾಳೆ ಫಲಕ ಹಾಕಿಸುವ ಯೋಚನೆಯಿತ್ತಂತೆ.

“ಎಲ್ಲಾ ಮಳೆಗೇ ಹೋಯ್ತು ಅಂದ್ರೆ, ಪಾಪ, ಏನ್ ಮಾಡೋಕಾಗುತ್ತೆ,” ಎಂದು ಚೀಲ ಎತ್ತಿಕೊಂಡಳು.

“ಸ್ವಲ್ಪ ತಡೀರಮ್ಮ,” ಎಂದಳು ಟೆಗ್ವೆನ್. “ನಮ್ ಹಂದಿಗೂಡು ಪೂರಾ ಅದೇ ಕಲ್ಲು.”

ಹೈವೆಲ್‌ನ ಅಜ್ಜ ಒಲೆಯ ಇಡೀ ಕಮಾನನ್ನು ಒಬ್ಬನೇ ಹೊತ್ತು ತಂದಿದ್ದನಂತೆ. ಪಾದ್ರಿಗಳು ಎಲ್ಲರನ್ನೂ ಮೆಟ್ಟಿಲ ಬಳಿಗೆ ಕರೆದರು. ಆಮೇಲೆ ಊರು ಎಮ್ಲಿನ್‌ನತ್ತ ತಿರುಗಿತು: ಹಿರಿಯರು ಬೆವರು ಸುರಿಸಿ ಉಳಿಸಿದ್ದನ್ನು ಇವನು ಮುಚ್ಚಿಟ್ಟನಲ್ಲ, ಯಾಕೆ? ಚಹಾ ಆರುವ ಮುಂಚೆ ಹೈವೆಲ್ ಅಧ್ಯಕ್ಷನಾಗಿದ್ದ.

ಇಲಾಖೆಯವಳಿಗೆ ಕನಿಕರ ಬಂತು. “ನಿಮ್ಮ ಮನೇಲಿ ಎಷ್ಟು ಕಲ್ಲಿವೆ?”

“ನಮ್ದು ಪೂರ್ತಿ ಇಟ್ಟಿಗೆ,” ಎಂದ ಎಮ್ಲಿನ್, ಕೊನೆಗೊಮ್ಮೆ ತಲೆಯೆತ್ತಿ. “ನಮ್ಮಜ್ಜ ಕೋಟೆಯ ಒಂದು ಕಲ್ಲನ್ನೂ ಮುಟ್ಟಿದವನಲ್ಲ.”

ಸಭೆ ಮರುಗಿತು.

“ಅವರ ಮನೆತನವೇ ಹಾಗೆ,” ಟೆಗ್ವೆನ್ ಆ ಹೆಂಗಸಿನ ಕಿವಿಯಲ್ಲಿ ಹೇಳಿದಳು. “ಮೈ ಬಗ್ಗಿಸಿ ದುಡಿದವರಲ್ಲ.”