ಮೋತಿಯ ಪಥ್ಯ

ಸಿಟ್ಟು ಮಾಡಿಕೊಳ್ಳಬಾರದು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ತಡೆಯಲಾರದಷ್ಟು ಸಿಟ್ಟು ಬರುತ್ತದೆ. ಅಂಥವರ ಮನೆಯಲ್ಲಿ ನಾಯಿ ಇರುವುದಿಲ್ಲ, ಇದ್ದರೂ ಅದಕ್ಕೆ ತುರಿಕೆ ಇರುವುದಿಲ್ಲ. ನಾನು ಬಸವಕಲ್ಯಾಣದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಬೀಜ ಮೊಳೆಯದಿದ್ದರೆ ಮಳೆಯನ್ನು ಬಿಟ್ಟು ನನ್ನನ್ನು ಬೈಯುವ ಗಿರಾಕಿಗಳ ಎದುರು ಇಪ್ಪತ್ತು ವರ್ಷದಿಂದ ಹಲ್ಲು ಕಚ್ಚಿಕೊಂಡು ಕೂತಿದ್ದೇನೆ. ಆ ಸಿಟ್ಟೆಲ್ಲ ಈ ವರ್ಷ ಒಂದು ನಾಯಿಯ ನೆಪದಲ್ಲಿ ಹೊರಗೆ ಬಂತು.

ನಾಯಿಯ ಹೆಸರು ಮೋತಿ. ರಾಜೇಶ್ವರದ ಕುರಿಗಾರರೊಬ್ಬರ ಹಟ್ಟಿಯಿಂದ ಮರಿಯಾಗಿದ್ದಾಗ ತಂದದ್ದು. ನಾಲ್ಕು ವರ್ಷ ರೊಟ್ಟಿ-ಹಾಲು ತಿಂದು ಸುಖವಾಗಿದ್ದ ಪ್ರಾಣಿ ಈ ಬೇಸಿಗೆಯಿಂದ ಕೆರೆದುಕೊಳ್ಳತೊಡಗಿತು. ಕಿವಿ ಕೆರೆಯಿತು, ಹೊಟ್ಟೆ ಕೆರೆಯಿತು, ಕಾಲುಗಳನ್ನು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತು. ಬೆನ್ನ ಮೇಲೆ ಎರಡು ಕಡೆ ಕೂದಲು ಉದುರಿ ರಕ್ತ ಜಿನುಗಿತು. ನಾನು ಅಂಗಡಿಯಿಂದ ಬಂದರೆ ಸಂತೋಷದಿಂದ ಗೇಟಿಗೆ ಓಡಿ ಬರುವುದು, ಆದರೆ ಅರ್ಧ ದಾರಿಯಲ್ಲಿ ಕೂತು ಒಮ್ಮೆ ಕೆರೆದುಕೊಂಡೇ ಮುಂದೆ ಬರುವುದು. ನೋಡಿದರೆ ಸಂಕಟವಾಗುತ್ತಿತ್ತು. ಸಂಕಟವಾದಾಗ ಅಳುವವರಿದ್ದಾರೆ. ನಾನು ಬೈಯುವವನು.

ಬೈಸಿಕೊಳ್ಳುವವರು ತಾವಾಗಿಯೇ ಬಂದರು. ಒಬ್ಬರು ಬೇವಿನೆಲೆ ಕುದಿಸಿ ಸ್ನಾನ ಮಾಡಿಸಿ ಎಂದರು. ಇನ್ನೊಬ್ಬರು ಕೊಬ್ಬರಿ ಎಣ್ಣೆಯಲ್ಲಿ ಗಂಧಕ ಎಂದರು. ಮೂರನೆಯವರು ಇದೆಲ್ಲ ಹುಮನಾಬಾದಿನ ಕಾರ್ಖಾನೆಗಳ ಹೊಗೆಯ ಪ್ರತಾಪ ಎಂದು ತೀರ್ಪು ಕೊಟ್ಟರು. ಮೋತಿ ಹುಮನಾಬಾದನ್ನು ಕಂಡೇ ಇಲ್ಲ ಎಂದರೆ, ಗಾಳಿ ಬರುತ್ತದಲ್ಲ ಎಂದರು. ಊರಿನ ಇಷ್ಟು ಜನರನ್ನು ಬಿಟ್ಟು ಗಾಳಿ ವಿಳಾಸ ಕೇಳಿಕೊಂಡು ನಮ್ಮ ಮನೆಗೇ ಬಂತೇ ಎಂದು ನಾನು ರೇಗಿದೆ. ಕಡೆಗೆ ಮೋತಿಯನ್ನು ನಾನೇ ಹುಮನಾಬಾದಿಗೆ, ಅಲ್ಲಿಯ ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅವರು ಹೇನು ಹುಡುಕಿದರು, ಚರ್ಮ ಕೆರೆದು ನೋಡಿದರು. ಅದೇನೂ ಅಲ್ಲ, ತಿನ್ನುವ ಯಾವುದೋ ವಸ್ತು ಒಗ್ಗುತ್ತಿಲ್ಲ, ಅಲರ್ಜಿ ಇರಬಹುದು ಎಂದರು. ಯಾವುದೆಂದು ತಿಳಿಯಲು ಒಂದೇ ದಾರಿ: ಎಂಟು ವಾರ ಅವರು ಕೊಟ್ಟ ಚೀಲದ ಒಣ ಕಾಳು ಮತ್ತು ನೀರು ಮಾತ್ರ. "ಬ್ಯಾರೆ ಒಂದ್ ತುಣಕ್ ಬಾಯಾಗ ಹೋತಂದ್ರ ಮತ್ತ ಮೊದಲಿಂದ ಶುರು ಮಾಡಬೇಕ್ರಿ," ಎಂದು ಬೆರಳೆತ್ತಿ ಹೇಳಿದರು.

ಹೇಳುವುದು ಸುಲಭ. ನಮ್ಮಂಥ ಮನೆಗಳಲ್ಲಿ ಬಾಗಿಲಿಗೆ ಬಂದ ಜೀವ ಹಸಿದು ಹೋಗಬಾರದು. ಹೆಂಚಿನಿಂದ ಇಳಿದ ಮೊದಲ ರೊಟ್ಟಿ ನಾಯಿಗೆ ಎಂದು ನಮ್ಮವ್ವ ಎಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದವಳು. ನಾನು ಮನೆಯಲ್ಲಿ ಕಾಯಿದೆ ಸಾರಿದೆ. ಗೇಟಿಗೆ ನನ್ನ ಕೈಯಾರೆ ಬರೆದ ಬೋರ್ಡು ಕಟ್ಟಿದೆ: "ಈ ನಾಯಿಗೆ ಯಾರೂ ಏನೂ ಹಾಕಬಾರದು. ಹಾಕುವವರಿಗೆ ಕರುಣೆಯೂ ಬುದ್ಧಿಯೂ ಇಲ್ಲವೆಂದು ತಿಳಿಯಲಾಗುವುದು." ಅವ್ವ ಅಭ್ಯಾಸಬಲದಿಂದ ಎತ್ತಿದ ರೊಟ್ಟಿಯನ್ನು ಅವಳ ಕೈಯಿಂದ ಕಸಿದುಕೊಂಡೆ. ಅಂದಿನಿಂದ ಅವ್ವ ನನ್ನೊಡನೆ ಮಾತು ಬಿಟ್ಟಳು. ಏನಾದರೂ ಹೇಳಬೇಕಾದರೆ ನನ್ನ ಎದುರೇ ನನ್ನ ಹೆಂಡತಿ ಶಾಂತಾಳಿಗೆ ಹೇಳುತ್ತಿದ್ದಳು.

ಆರು ವಾರ ಕಳೆದರೂ ಮೋತಿ ಕೆರೆಯುವುದು ನಿಲ್ಲಲಿಲ್ಲ. ಅಂದರೆ ಯಾರೋ ಕದ್ದು ತಿನ್ನಿಸುತ್ತಿದ್ದಾರೆ. ಅಂಗಡಿ ಬಿಟ್ಟು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದು ನಿಂತೆ. ನಾಯಿಯ ಬಾಯಿ ಅಗಲಿಸಿ ಮೂಸಿ ನೋಡಿದೆ. ಅಂಥ ವಾಸನೆಯಲ್ಲಿ ಯಾವ ಸಾಕ್ಷಿಯೂ ಸಿಗುವುದಿಲ್ಲ ಎಂಬುದು ಆಗ ತಿಳಿಯಿತು. ಅನುಮಾನ ಪಕ್ಕದ ಮನೆಯ ಕಾಶಿಬಾಯಿ ಕಾಕುವಿನ ಮೇಲೆ ಹೋಯಿತು. ಮೋತಿ ಅವರ ಗೋಡೆಯ ಬುಡದಲ್ಲೇ ಮಲಗುತ್ತದೆ, ಅವರ ಅಡುಗೆಮನೆಯ ಕಿಟಕಿ ಅಲ್ಲೇ ಇದೆ. ಇನ್ನೇನು ಬೇಕು? ಓಣಿ ಕೇಳುವಂತೆ ಕೂಗಾಡಿದೆ.

ಕಾಕು ಕೂಗಲಿಲ್ಲ. "ತಮ್ಮಾ, ನಿಮ್ಮಪ್ಪ ಇದ್ದಾಗಿಂದ ಈ ಗ್ವಾಡಿ ಮ್ಯಾಲಿಂದ ಪಲ್ಯದ ಬಟ್ಟಲಾ ಹೋಗಿ ಬರಾಕತ್ತಾವ. ನಿನ್ನ ಮೂಕ ಜೀವಕ್ಕ ನಾ ಕೇಡ ಬಗೀತೀನೇನು?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು. ಮರುದಿನದಿಂದ ಬಟ್ಟಲು ಬರುವುದು ನಿಂತಿತು. ಅವರ ಎಣ್ಣೆಗಾಯಿ ಬದನೆ ನನಗೆ ಪ್ರಾಣ. ಆದರೂ ಕ್ಷಮೆ ಕೇಳಲಿಲ್ಲ. ಕಳ್ಳರೇ ಕಣ್ಣೀರು ಹಾಕುತ್ತಾರೆ ಎಂದುಕೊಂಡೆ.

ಎಂಟು ವಾರ ಮುಗಿದ ದಿನ ಬೆನ್ನಿನ ಹುಣ್ಣು ಇನ್ನೂ ಹಸಿಯಾಗಿದ್ದ ನಾಯಿಯನ್ನು ಎತ್ತಿಕೊಂಡು ಮತ್ತೆ ಹುಮನಾಬಾದಿಗೆ ಹೋದೆ, ಈ ಸಲ ಡಾಕ್ಟರನ್ನೇ ಬೈಯಲು. ಅವರು ಎಲ್ಲ ಕೇಳಿಸಿಕೊಂಡು, ಬೆಳಿಗ್ಗೆ ಎದ್ದಾಗಿನಿಂದ ಮನೆಯಲ್ಲಿ ಏನೇನು ನಡೆಯುತ್ತದೆ ಒಂದೊಂದಾಗಿ ಹೇಳಿ ಎಂದರು. ನಾನು ಎದೆಯುಬ್ಬಿಸಿ ಶುರು ಮಾಡಿದೆ. ಸ್ನಾನ, ವಿಭೂತಿ, ಪೂಜೆ, ಹಾಲು-ಸಕ್ಕರೆಯ ಎಡೆ, ಪ್ರಸಾದ.

"ಪ್ರಸಾದ ಯಾರ್‍ಯಾರಿಗಿ ಕೊಡ್ತೀರಿ?"

"ಎಲ್ಲಾರ್ಗೂ ಕೊಡ್ತೀನ್ರಿ."

"ಮೋತಿಗಿ?"

"ಹೊಸ್ತಿಲ ಮುಂದ ಕುಂತಿರ್ತದ್ರಿ. ಅದಕ್ಕ ಕೊಡಲಾರ್ದ ನಾ ಒಬ್ಬಾವ್ ಹ್ಯಾಂಗ್ ತಗೋಳ್ಲಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಪ್ರಸಾದವನ್ನು ಊಟದ ಲೆಕ್ಕಕ್ಕೆ ಹಿಡಿಯುತ್ತೀರೇನು ಎಂದು ಜಗಳಕ್ಕೆ ನಿಂತೆ. ಉಪವಾಸದ ದಿನವೂ ಪ್ರಸಾದ ತೆಗೆದುಕೊಳ್ಳುತ್ತೇವೆ, ಉಪವಾಸ ಕೆಡುವುದಿಲ್ಲ. ನಾಯಿಯ ಪಥ್ಯ ಹೇಗೆ ಕೆಟ್ಟೀತು? ಅವರು ಶಾಂತವಾಗಿ, "ಅದು ಪ್ರಸಾದ ಅಂತ ನಿಮಗ ಗೊತ್ತದರಿ. ಮೋತಿ ಚರ್ಮಕ್ಕ ಗೊತ್ತಿಲ್ಲ," ಎಂದರು.

ಎಂಟು ವಾರ, ಪ್ರತಿದಿನ, ನನ್ನ ಕೈಯಿಂದಲೇ ಎರಡು ಚಮಚ ಹಾಲು. ಅವ್ವ ನೋಡಿದ್ದಾಳೆ, ಶಾಂತಾ ನೋಡಿದ್ದಾಳೆ, ಯಾರಿಗೂ ಹೊಳೆದಿಲ್ಲ. ಹೊಳೆದಿದ್ದರೂ ಆಗಿನ ನನ್ನ ಮುಖ ನೋಡಿ ಹೇಳುವ ಧೈರ್ಯ ಯಾರಿಗಿತ್ತು? ಮೋತಿ ಪಟ್ಟ ನೋವಿನ ಅರ್ಧ ಪಾಲು ನಾನೇ ಕೈಯಾರೆ ಉಣಿಸಿದ್ದು ಎಂದು ನೆನೆದು, ವಾಪಸು ಬರುವಾಗ ದಾರಿಯುದ್ದಕ್ಕೂ ಬೈಯಲು ಒಬ್ಬರೂ ಸಿಗದೆ ಒದ್ದಾಡಿದೆ.

ಸುದ್ದಿ ಕೇಳಿ ಅವ್ವ ಎರಡು ತಿಂಗಳ ಮೇಲೆ ನನ್ನೊಡನೆ ನೇರವಾಗಿ ಮಾತಾಡಿದಳು: "ಮೊದಲ ಕಾಶಿ ಮನೀಗಿ ಹೋಗಿ ಬಾ." ಹೋದೆ. ಕಾಕುವಿನ ಬಾಗಿಲಲ್ಲಿ ನಿಂತು, ತಪ್ಪಾಯಿತು ಎಂಬ ಒಂದು ಮಾತು ಹೊರಡಿಸಲು ಹವಾಮಾನ, ಸೊಂಟನೋವು ಎಲ್ಲ ವಿಚಾರಿಸಬೇಕಾಯಿತು. ಸಂಜೆ ಗೋಡೆಯ ಮೇಲೆ ಬದನೆಯ ಬಟ್ಟಲು ಬಂತು. ಅದರಲ್ಲಿ ಖಾರ ಎಂದಿಗಿಂತ ಜಾಸ್ತಿ ಇತ್ತು. ಸುಮ್ಮನೆ ತಿಂದೆ.

ಎರಡನೆಯ ಸಲದ ಪಥ್ಯಕ್ಕೆ ಈಗ ಐದನೆಯ ವಾರ. ಹುಣ್ಣು ಒಣಗಿ ಮೋತಿಯ ಬೆನ್ನ ಮೇಲೆ ಹೊಸ ಕೂದಲು ಬರುತ್ತಿದೆ. ಶಾಂತಾ ಗೇಟಿನ ಬೋರ್ಡನ್ನು ಬಿಚ್ಚಿ ತಂದು ದೇವರ ಕೋಣೆಯಲ್ಲಿ, ನಾನು ಕೂರುವ ಮಣೆಯ ಎದುರಿಗೆ ನೇತುಹಾಕಿದ್ದಾಳೆ. ಪೂಜೆ ಮುಗಿಸಿ ಕಣ್ಣು ತೆರೆದರೆ ಮೊದಲು ಕಾಣುವುದು ನನ್ನದೇ ದಪ್ಪ ಅಕ್ಷರ. ಹೊಸ್ತಿಲ ಆಚೆ ಮೋತಿ ಕೂತು ಚಮಚವನ್ನೂ ನನ್ನನ್ನೂ ನೋಡುತ್ತದೆ. ನಾನು ಅದಕ್ಕೆ ಬೆನ್ನು ತಿರುಗಿಸಿ, ಕಳ್ಳನ ಹಾಗೆ, ಪ್ರಸಾದ ತೆಗೆದುಕೊಳ್ಳುತ್ತೇನೆ.